ಅಪ್‌ಡೇಟ್: ಸ್ಟ್ರೀಮ್ ಟೆಸ್ಟ್ ಈಗ ಸುಮ್‌ಸುಮ್ನ ಫೇಲ್ ಆಗೂದಿಲ್ಲ

ಹೋದ ವಾರ ಕೇಳಿದ್ದೆ: ಬ್ಯಾಡಗಿ ಮೆಣಸಿನಕಾಯಿ ಇಡೂ ಕೋಲ್ಡ್ ಸ್ಟೋರೇಜಿನ ಸೆನ್ಸರ್‌ಗಳ ಉಷ್ಣಾಂಶಕ್ಕ ಕಾಫ್ಕಾ ಸ್ಟ್ರೀಮ್ಸ್‌ನ್ಯಾಗ (ಹರಿದು ಬರೂ ಡೇಟಾನ ಬಂದಂಗ ಲೆಕ್ಕ ಹಾಕೂ ಲೈಬ್ರರಿ) 5 ನಿಮಿಷದ ಸರಾಸರಿ ತಗೀತೀವಿ, ಅದರ ಟೆಸ್ಟ್ ನನ್ನ ಲ್ಯಾಪ್‌ಟಾಪಿನ್ಯಾಗ ಪಾಸು, ಬಿಲ್ಡ್ ಸರ್ವರಿನ್ಯಾಗ ಆಗಾಗ ಫೇಲು, ಯಾಕ ಅಂತ.

ಖರೆ ಗಡಿಯಾರ ನಂಬಿ ಕಾಯೂ ಟೆಸ್ಟ್ ಮಷೀನಿನ ವೇಗದ ಮ್ಯಾಲ ನಿಂತಿರತೈತಿ ಅಂತ ನೀವು ಹೇಳಿದ್ದ ಖರೆ, ತಪ್ಪು ನಂದ. ಟೆಸ್ಟಿಗಂತ ವಿಂಡೋನ (ಸರಾಸರಿ ತಗಿಯೂ ಅವಧಿ) 10 ಸೆಕೆಂಡಿಗೆ ಇಳಿಸಿ, ಥ್ರೆಡ್ ಸ್ಲೀಪ್ ಹಾಕಿ (ಪ್ರೋಗ್ರಾಮ್ ಸುಮ್ನ ನಿಲ್ಲಿಸಿ) ಕಾಯ್ತಿದ್ದೆ. ಅದನ್ನ ಕಿತ್ತು ಟೋಪಾಲಜಿ ಟೆಸ್ಟ್ ಡ್ರೈವರ್ (ಕಾಫ್ಕಾ ಸ್ಟ್ರೀಮ್ಸ್‌ನದ ಟೆಸ್ಟ್ ಸಾಧನ) ಹಾಕಿದೆ. ಬ್ರೋಕರ್ (ಕಾಫ್ಕಾ ಸರ್ವರ್) ಬೇಕಿಲ್ಲ, ಪ್ರತಿ ರೆಕಾರ್ಡಿನ ಟೈಮ್‌ಸ್ಟ್ಯಾಂಪ್ ನಾವ ಕೊಡೂದು.

ಆದ್ರ ಅಲ್ಲೇ ಎರಡು ದಿನ ಸಿಕ್ಕಿಬಿದ್ದೆ. 10:00, 10:02, 10:04ಕ್ಕ ಮೂರು ರೆಕಾರ್ಡ್ ಕೊಟ್ರೂ ಔಟ್‌ಪುಟ್ ಖಾಲಿ. ಡ್ರೈವರಿನ ವಾಲ್ ಕ್ಲಾಕ್ (ಗೋಡೆ ಗಡಿಯಾರದಂಗ ತೋರಿಸೂ ಹೊತ್ತು) 10 ನಿಮಿಷ ಮುಂದ ತಿರುಗಿಸಿದೆ, ಆಗೂ ಖಾಲಿ. ಕಡೀಗೆ ಕೊಪ್ಪೀಕರ ರೋಡಿನ್ಯಾಗ ಚಹಾ ಕುಡಿಯೂವಾಗ ನಮ್ಮ ಟೀಮಿನ ಅಕ್ಕಾರು ಒಂದ ಮಾತಿನ್ಯಾಗ ಹೇಳಿದ್ರು: "ತಮ್ಮಾ, ಈ ಅಂಗಡಿ ಗಡಿಯಾರ ಗಿರಾಕಿ ಬಂದ್ರಷ್ಟ ಓಡ್ತೈತಿ."

ನಾವು ಸಪ್ರೆಸ್ (ವಿಂಡೋ ಮುಚ್ಚೂತನಕ ಉತ್ತರ ತಡದು ಹಿಡಿಯೂದು) ಬಳಸೀವಿ, ಅದು ನೋಡೂದು ಸ್ಟ್ರೀಮ್ ಟೈಮ್, ಅಂದ್ರ ಈತನಕ ಬಂದ ರೆಕಾರ್ಡುಗಳ ಅತಿ ಮುಂದಿನ ಟೈಮ್‌ಸ್ಟ್ಯಾಂಪ್. ಹೊಸ ರೆಕಾರ್ಡ್ ಬರದ ಅದು ಸರಿಯೂದಿಲ್ಲ. ವಾಲ್ ಕ್ಲಾಕ್ ತಿರುಗಿಸಿದ್ರ ಅದೇ ಗಡಿಯಾರ ನೋಡೂ ಪಂಕ್ಚುಯೇಟರ್‌ಗಳು (ಹೊತ್ತಿಗೊಮ್ಮೆ ಓಡೂ ಕೆಲಸ) ಅಷ್ಟ ಏಳ್ತಾವ. ಗ್ರೇಸ್ (ತಡವಾದ ರೆಕಾರ್ಡಿಗೆ ಕೊಡೂ ಹೆಚ್ಚಿನ ಹೊತ್ತು) 1 ನಿಮಿಷ ಇತ್ತು, ಅಂದ್ರ 10:00ರಿಂದ 10:05ರ ವಿಂಡೋ ಮುಚ್ಚೂದು 10:06ಕ್ಕ. 10:07ರ ಇನ್ನೊಂದು ರೆಕಾರ್ಡ್ ನೂಕಿದ ಕೂಡ್ಲೆ ಮೊದಲಿನ ಸರಾಸರಿ ಹೊರಗ ಬಂತು. ಆಮ್ಯಾಲ ಬೇಕಂತ 10:03ರದ್ದೊಂದು ತಡವಾಗಿ ಕಳಿಸಿದೆ, ಅದನ್ನ ಕೈಬಿಡ್ತು. ಅದಕ್ಕೂ ಒಂದು ಟೆಸ್ಟ್ ಆತು.

ಖರೆ ಬ್ರೋಕರ್ ಬೇಕಾದ ಎರಡ ಟೆಸ್ಟ್ ಟೆಸ್ಟ್‌ಕಂಟೇನರ್ಸ್‌ನ್ಯಾಗ (ಟೆಸ್ಟಿಗಷ್ಟ ಕಂಟೇನರಿನ್ಯಾಗ ಬ್ರೋಕರ್ ಎಬ್ಬಿಸೂ ಲೈಬ್ರರಿ) ಉಳಿದಾವ. ಅಲ್ಲೂ ಸ್ಲೀಪ್ ಇಲ್ಲ, ಉತ್ತರ ಬರೂತನಕ ಪೋಲ್ ಮಾಡೂದು (ಮತ್ತ ಮತ್ತ ಕೇಳೂದು), 30 ಸೆಕೆಂಡ್ ಮೀರಿದ್ರ ಫೇಲ್.