ಸಹಾಯ ಬೇಕು: ಮೆಣಸಿನಕಾಯಿ ಡ್ರೈಯರ್‌ನಲ್ಲಿ ರಾತ್ರಿಗೂ ಶಾಖ ಉಳಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ್ರೀ. ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. ಮೆಣಸಿನಕಾಯಿಗೆ ಅಂತ ಸಣ್ಣ ಸೋಲಾರ್ ಡ್ರೈಯರ್ ಮಾಡಿಸಿದ್ದೇವೆ. ಹಗಲು ಚೆನ್ನಾಗಿ ಒಣಗುತ್ತದೆ. ಹೊತ್ತು ಮುಳುಗಿದ ಮೇಲೆ ಒಳಗೆ ತಣ್ಣಗಾಗಿ ಗಾಜಿಗೆ ನೀರು ಕೂರುತ್ತದೆ, ಬೆಳಗ್ಗೆ ನೋಡಿದರೆ ಕಾಯಿ ಮತ್ತೆ ಮೆತ್ತಗೆ. ಬ್ಯಾಡಗಿ ಕಾಯಿಗೆ ಬೆಲೆ ಬರೋದೇ ಬಣ್ಣಕ್ಕೆ. ಬೂಷ್ಟು ಹಿಡಿದರೆ ಮುಗೀತು.

ತಳದಲ್ಲಿ ಒಡೆದ ಹೆಂಚು, ಇಟ್ಟಿಗೆ ಚೂರು ತುಂಬಬೇಕು ಅಂತಿದ್ದೇನೆ. ಹಳೇ ಮನೆ ಕೆಡವಿದ ರಾಶಿ ಪುಕ್ಕಟೆ ಬಿದ್ದಿದೆ. 300 ಕೆಜಿ ಇಟ್ಟಿಗೆ 60 ಡಿಗ್ರಿಯಿಂದ 35ಕ್ಕೆ ಇಳಿದರೆ ಕರೆಂಟಿನ ಲೆಕ್ಕದಲ್ಲಿ ಸುಮಾರು 1.8 ಯುನಿಟ್ ಶಾಖ ಬಿಡುತ್ತದೆ. 30 ಕೆಜಿ ಪ್ಯಾರಾಫಿನ್ ಮೇಣ ಕರಗಿ ಗಟ್ಟಿಯಾದರೆ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಆದರೆ ಮೇಣಕ್ಕೆ ದುಡ್ಡು ಕೊಡಬೇಕು, ಡಬ್ಬಿ ಸೋರಿದರೆ ಕಾಯಿ ಹಾಳು.

ಹುಬ್ಬಳ್ಳಿಯ ಗೆಳೆಯರೊಬ್ಬರು ಫೌಂಡ್ರಿ ಕಿಟ್ಟ (ಲೋಹ ಕರಗಿಸಿದಾಗ ಉಳಿಯೋ ಗಟ್ಟಿ ಕಸ) ಹಾಕು ಅಂತಾರೆ. ತಿನ್ನೋ ಪದಾರ್ಥ ಅಲ್ವಾ, ಅದರ ಧೂಳು ಗಾಳಿಯಲ್ಲಿ ಬಂದರೆ? ನನಗಂತೂ ಧೈರ್ಯ ಇಲ್ಲ. ತಗಡಿನ ಡಬ್ಬಿಯಲ್ಲಿ ಪೂರ್ತಿ ಮುಚ್ಚಿಟ್ಟರೆ ನಡೆಯುತ್ತಾ?

ಇಟ್ಟಿಗೆ ಚೂರು ಎಷ್ಟು ದಪ್ಪ ಇರಬೇಕು? ರಾತ್ರಿ ಗಾಳಿ ಕಿಂಡಿ ಪೂರ್ತಿ ಮುಚ್ಚಬೇಕಾ, ಸ್ವಲ್ಪ ಬಿಡಬೇಕಾ? ಹಾವೇರಿ, ಗದಗ ಕಡೆ ಯಾರಾದರೂ ಇಂಥದ್ದು ಮಾಡಿದ್ದರೆ ತಳದ ಫೋಟೋ ಹಾಕಿ. ಹತ್ತಿರ ಇದ್ದರೆ ನಾನೇ ಬಂದು ನೋಡ್ತೇನೆ.