ಬರೆಯುವ ಕಡೆ ಬ್ಯಾರಿಯರ್ ಹಾಕಿದ ಮೇಲೂ 64 ಗಾಡಿ ಹಿಂದಿನ ತೂಕ ಬರುತ್ತಿದೆ, ಯಾಕೆ?

ಕಬ್ಬಿನಗಾಡಿ_ಮಂಡ್ಯ:

ನಮಸ್ಕಾರ. ಮಂಡ್ಯ ಹತ್ತಿರದ ಒಂದು ಕಬ್ಬಿನ ವೇಬ್ರಿಡ್ಜ್‌ಗೆ ನಾನು ಸಿ ಭಾಷೆಯಲ್ಲಿ ಬರೆದುಕೊಟ್ಟ ಸಾಫ್ಟ್‌ವೇರ್ ಇದೆ. ದೊಡ್ಡದೇನಲ್ಲ. ಒಂದು ಥ್ರೆಡ್ (ಪ್ರೋಗ್ರಾಮ್‌ನೊಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ) ಸೀರಿಯಲ್ ಕೇಬಲ್‌ನಿಂದ ತೂಕ ಓದುತ್ತದೆ. ಇನ್ನೊಂದು ಥ್ರೆಡ್ ಅದನ್ನು ನನ್ನದೇ ಪುಟ್ಟ ಡೇಟಾಬೇಸ್‌ನ ಲಾಗ್‌ಗೆ ಸೇರಿಸಿ ಚೀಟಿ ಪ್ರಿಂಟ್ ಮಾಡುತ್ತದೆ. ನಡುವೆ 64 ಗೂಡುಗಳ ರಿಂಗ್ ಬಫರ್, ಅಂದರೆ ಕೊನೇ ಗೂಡಿನ ನಂತರ ಮತ್ತೆ ಮೊದಲನೇ ಗೂಡಿಗೆ ಬರುವ ಸಾಲು. ತೂಕಗಳು ಒಂದು ಅರೇಯಲ್ಲಿ, ಟೋಕನ್ ನಂಬರ್‌ಗಳು ಇನ್ನೊಂದು ಅರೇಯಲ್ಲಿ. ಮೊದಲು ತೂಕ ಬರೆಯುತ್ತೇನೆ, ಆಮೇಲೆ ಟೋಕನ್. ಟೋಕನ್ ಸೊನ್ನೆ ಇಲ್ಲ ಅಂದರೆ ಗೂಡು ತುಂಬಿದೆ ಅಂತ ಲೆಕ್ಕ. ಓದುವ ಥ್ರೆಡ್ ಟೋಕನ್ ಬರುವ ತನಕ ಲೂಪ್‌ನಲ್ಲಿ ಸುತ್ತುತ್ತಿರುತ್ತದೆ. ಬಂದ ಕೂಡಲೇ ತೂಕ ಎತ್ತಿಕೊಂಡು ಟೋಕನ್ ಸೊನ್ನೆ ಮಾಡುತ್ತದೆ. ಒಂದು ಥ್ರೆಡ್ ಮುಟ್ಟುವಾಗ ಇನ್ನೊಂದನ್ನು ತಡೆಯುವ ಲಾಕ್ ಇಲ್ಲ.

ಹಳೇ ಇಂಟೆಲ್ ಪಿಸಿಯಲ್ಲಿ ನಾಲ್ಕು ಸೀಸನ್ ಒಂದು ತಕರಾರಿಲ್ಲದೆ ಓಡಿತು. ಈ ಸಲ ಕ್ಯಾಬಿನ್ ಧೂಳಿಗೆ ಅದರ ಫ್ಯಾನ್ ಹೋಯಿತು. ಫ್ಯಾನ್ ಸಹವಾಸವೇ ಬೇಡ ಅಂತ ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ತಂದು ಅದೇ ಕೋಡ್ ಹಾಕಿದೆ.

ಹತ್ತು ದಿನ ಆಗಿರಲಿಲ್ಲ, ಪಾಂಡವಪುರ ಕಡೆಯ ರೈತರೊಬ್ಬರು ಚೀಟಿ ಹಿಡಿದುಕೊಂಡು ಬಂದರು. "ನನ್ ಗಾಡಿ ಯಾವತ್ತೂ 11 ಟನ್ನಿಗೆ ಕಮ್ಮಿ ಬಂದಿಲ್ಲ ಕಣಪ್ಪ, ಇದೇನು ಎಂಟೂವರೆ?" ಟೋಕನ್ ಅವರದೇ, ತೂಕ ಮಾತ್ರ 8,640 ಕೆಜಿ. ಪುಣ್ಯಕ್ಕೆ ಕ್ಯಾಬಿನ್‌ನ ಹುಡುಗ ಡಿಸ್‌ಪ್ಲೇ ನೋಡಿ ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆದಿಟ್ಟಿದ್ದ: 11,280. ಆಮೇಲೆ ಲಾಗ್‌ನಲ್ಲಿ ಹಿಂದಕ್ಕೆ ಎಣಿಸುತ್ತಾ ಹೋದೆ. ಅದೇ 8,640 ಸರಿಯಾಗಿ 64 ಗಾಡಿ ಹಿಂದೆ ಕೂತಿತ್ತು. ಹೊಟ್ಟೆಯಲ್ಲಿ ಒಂಥರಾ ಆಯಿತು. ಹೊಸ ಟೋಕನ್, ಅದೇ ಗೂಡಿನ ಹಳೇ ತೂಕ.

ನಡುವೆ ಒಂದು ಪ್ರಿಂಟ್ ಸಾಲು ಹಾಕಿ ನೋಡೋಣ ಅಂದರೆ ತಪ್ಪು ಮಾಯ! ತೆಗೆದರೆ ಮತ್ತೆ ಹಾಜರ್. ಎಲ್ಲೋ ಓದಿ, ತೂಕಕ್ಕೂ ಟೋಕನ್‌ಗೂ ನಡುವೆ ರೈಟ್ ಬ್ಯಾರಿಯರ್ (ಮೊದಲ ಬರಹ ಕಂಡ ಮೇಲೆಯೇ ಎರಡನೆಯದು ಕಾಣಲಿ ಅನ್ನುವ ತಡೆ) ಹಾಕಿದೆ. ವಾರಕ್ಕೆ ಎರಡು ಬರುತ್ತಿದ್ದದ್ದು ಕಮ್ಮಿಯಾಯಿತು, ಪೂರ್ತಿ ನಿಲ್ಲಲಿಲ್ಲ. ಮೊನ್ನೆ ಮತ್ತೊಂದು ಬಂತು. ಬರೆಯುವ ಕಡೆ ಸರಿ ಇದೆಯಲ್ಲ, ಇನ್ನೇನು ಉಳಿದಿದೆ? ಗೊತ್ತಿರುವವರು ದಯವಿಟ್ಟು ಹೇಳಿ. ರೈತರ ದುಡ್ಡಿನ ವಿಷಯ.

ಹೆಬ್ಬಾಳ್_ಹುಡುಗ:

ಗುರು, ಎರಡೂ ಅರೇಗೆ ವೊಲಟೈಲ್ ಅನ್ನೋ ಗುರುತು ಹಾಕು, ಸರಿ ಹೋಗುತ್ತೆ. ಇಲ್ಲಾಂದ್ರೆ ಬರೆದ ಮೇಲೆ ಎಫ್‌ಸಿಂಕ್ ಮಾಡು. ಬ್ಯಾರಿಯರ್ ಅಂದ್ರೆ ಅದೇ ಅಲ್ವಾ?

ಸರಸ್ವತಿಪುರಂ_ಅಕ್ಕ:

ಎರಡೂ ಬೇಡ. ಎಫ್‌ಸಿಂಕ್ ಅಂದರೆ ಬರೆದದ್ದನ್ನು ಡಿಸ್ಕ್‌ಗೆ ತಳ್ಳುವುದು, ಅದು ಡಿಸ್ಕ್‌ಗೆ ಸಂಬಂಧಪಟ್ಟದ್ದು. ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲೂ ಬ್ಯಾರಿಯರ್ ಅಂತ ಒಂದು ಮೌಂಟ್ ಆಪ್ಷನ್ ಇದೆ, ಹೆಸರು ಒಂದೇ ಆದ್ದರಿಂದ ಎಲ್ಲರಿಗೂ ಗೊಂದಲ. ಕರೆಂಟ್ ಹೋದರೂ ಲಾಗ್ ಉಳಿಯಬೇಕು ಅನ್ನುವುದು ಆ ಕಥೆ. ಇಲ್ಲಿರುವುದು ಸಿಪಿಯುವಿನ ಒಂದು ಕೋರ್ (ಅದರೊಳಗೆ ಸ್ವತಂತ್ರವಾಗಿ ಕೆಲಸ ಮಾಡುವ ಭಾಗ) ಬರೆದದ್ದು ಇನ್ನೊಂದು ಕೋರ್‌ಗೆ ಯಾವ ಕ್ರಮದಲ್ಲಿ ಕಾಣುತ್ತದೆ ಅನ್ನುವ ಕಥೆ. ಇನ್ನು ಸಿ ಭಾಷೆಯ ವೊಲಟೈಲ್ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮ್) ಕೈ ಕಟ್ಟುತ್ತದೆ ಅಷ್ಟೇ, ಸಿಪಿಯು ಕೈ ಅಲ್ಲ. ಜಾವಾದ ವೊಲಟೈಲ್ ಬೇರೆ ಜಾತಿ. 2004ರಲ್ಲಿ ಬಂದ ಜಾವಾ 5ರಿಂದ ಅದಕ್ಕೆ ಕ್ರಮದ ಖಾತರಿ ಇದೆ.

ಈಗ ನಿನ್ನ ವಿಷಯಕ್ಕೆ ಬರ್ತೀನಿ ತಮ್ಮಾ. 64 ಗಾಡಿ ಹಿಂದಕ್ಕೆ ಎಣಿಸಿದೆಯಲ್ಲ, ಅರ್ಧ ಕೆಲಸ ಅಲ್ಲೇ ಮುಗಿಯಿತು.

ಇಂಟೆಲ್ ಚಿಪ್‌ನಲ್ಲಿ ಒಂದು ಕೋರ್ ಮಾಡಿದ ಎರಡು ಬರಹಗಳು ಹೊರಗೆ ಅದೇ ಕ್ರಮದಲ್ಲಿ ಕಾಣುತ್ತವೆ. ಎರಡು ಓದುಗಳೂ ಹಾಗೇ. ಆದ್ದರಿಂದ ನಾಲ್ಕು ಸೀಸನ್ ನಡೆಯಿತು. ಆರ್ಮ್ ಚಿಪ್‌ನಲ್ಲಿ ಆ ಖಾತರಿ ಇಲ್ಲ. ಪೈ 4ರ ಕಾರ್ಟೆಕ್ಸ್ ಎ72 ಕೋರ್ ಕೆಲಸಗಳನ್ನು ಹಿಂದೆ ಮುಂದೆ ಮಾಡಿಕೊಳ್ಳುತ್ತದೆ. ನೀನು ಬರೆಯುವ ಕಡೆ ಮಾತ್ರ ಬಿಗಿ ಮಾಡಿದೆ. ಓದುವ ಕಡೆ ಬಾಗಿಲು ತೆಗೆದೇ ಇದೆ.

ಆಲೆಮನೆ ನೋಡಿರುತ್ತೀಯಲ್ಲ? ಪಾಕ ಹುಯ್ಯುವವನು ಅಚ್ಚು ತುಂಬಿಸಿದ ಮೇಲೆಯೇ "ಆಯ್ತು" ಅಂತ ಕೂಗುತ್ತಾನೆ. ಅದು ನಿನ್ನ ರೈಟ್ ಬ್ಯಾರಿಯರ್. ಆದರೆ ಆ ಕಡೆ ಲೆಕ್ಕ ಬರೆಯುವವನು ಆತುರದವನು. ಕೂಗು ಬರುವ ಮುಂಚೆಯೇ ಅಚ್ಚಿನೊಳಗೆ ಇಣುಕಿ, ಕಂಡಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ. ಕೂಗು ಬಂತು, ಮನಸ್ಸಿನಲ್ಲಿದ್ದದ್ದನ್ನೇ ಪುಸ್ತಕಕ್ಕೆ ಬರೆದ. ಹುಯ್ದವನದು ಏನೂ ತಪ್ಪಿಲ್ಲ.

ನಿನ್ನ ಲೂಪ್‌ನಲ್ಲಿ ಆಗುತ್ತಿರುವುದೂ ಇದೇ. ಟೋಕನ್ ಇರುವ ಕ್ಯಾಶ್ ಲೈನ್ (ಕೋರ್ ತನ್ನ ಹತ್ತಿರ ಇಟ್ಟುಕೊಳ್ಳುವ ಮೆಮೊರಿ ತುಣುಕು) ಈಗ ತಾನೆ ಬದಲಾಗಿದೆ, ಅದು ಬರೆದ ಕೋರ್‌ನಿಂದ ಬರಬೇಕು. ಅಷ್ಟರಲ್ಲಿ ಸಿಪಿಯು ಸುಮ್ನೆ ಕೂರುವುದಿಲ್ಲ. ಲೂಪ್ ಮುಗಿಯುತ್ತದೆ ಅಂತ ಊಹಿಸಿ ಮುಂದಿನ ಸಾಲಿನ ತೂಕವನ್ನು ತನ್ನ ಕ್ಯಾಶ್‌ನಿಂದ ಮುಂಚಿತವಾಗಿ ಓದಿಬಿಡುತ್ತದೆ. ಅಲ್ಲಿ ಇನ್ನೂ ಹಳೇ ತೂಕ ಇರಬಹುದು. ಆಮೇಲೆ ಟೋಕನ್ ಬರುತ್ತದೆ, ಸೊನ್ನೆ ಅಲ್ಲ, ಊಹೆ ಸರಿಯಾಯಿತು, ಹಳೇ ತೂಕವೇ ಗಟ್ಟಿ. "ಟೋಕನ್ ನೋಡಿದ ಮೇಲೆ ತಾನೆ ತೂಕ ಓದುತ್ತಿದ್ದೇನೆ, ನಡುವೆ ಇಫ್ ಇದೆಯಲ್ಲ" ಅನ್ನಬೇಡ. ಎರಡು ಓದುಗಳ ನಡುವೆ ಬರೀ ಇಫ್ ಇದ್ದರೆ ಆರ್ಮ್ ಅದಕ್ಕೆ ಕಟ್ಟು ಬೀಳುವುದಿಲ್ಲ. ತೂಕ ಮತ್ತು ಟೋಕನ್ ಬೇರೆ ಬೇರೆ ಅರೇಯಲ್ಲಿ ಇಟ್ಟಿದ್ದೀಯ, ಅದೂ ಇದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಟ್ಟಿದೆ. ಪ್ರಿಂಟ್ ಹಾಕಿದಾಗ ಮಾಯವಾದದ್ದು ಸಮಯ ಹಿಗ್ಗಿದ್ದರಿಂದ, ವಾಸಿಯಾಗಿದ್ದರಿಂದ ಅಲ್ಲ.

ಬ್ಯಾರಿಯರ್ ಯಾವಾಗಲೂ ಜೋಡಿ. ಎಸ್‌ಕ್ಯೂಲೈಟ್ ಡೇಟಾಬೇಸ್ ನೋಡು. ಅದರ ವಾಲ್ ಇಂಡೆಕ್ಸ್‌ನ (ಬದಲಾವಣೆಗಳ ಲಾಗ್‌ನ ಸೂಚಿ) ಹೆಡರ್ ಹಂಚಿಕೊಂಡ ಮೆಮೊರಿಯಲ್ಲಿ ಎರಡು ಪ್ರತಿ ಇರುತ್ತದೆ. ಬರೆಯುವವರು ಮೊದಲು ಎರಡನೇ ಪ್ರತಿ ಬರೆದು, ಬ್ಯಾರಿಯರ್ ಹಾಕಿ, ಆಮೇಲೆ ಮೊದಲನೇ ಪ್ರತಿ ಬರೆಯುತ್ತಾರೆ. ಓದುವವರು ಉಲ್ಟಾ: ಮೊದಲನೇ ಪ್ರತಿ, ಬ್ಯಾರಿಯರ್, ಎರಡನೇ ಪ್ರತಿ. ಎರಡೂ ಒಂದೇ ಇಲ್ಲದಿದ್ದರೆ ಯಾರೋ ಬರೆಯುತ್ತಿದ್ದಾರೆ ಅಂತ ತಿಳಿದುಕೊಂಡು ಅದನ್ನು ನಂಬುವುದಿಲ್ಲ. ಒಂದು ಕಡೆಯ ಬ್ಯಾರಿಯರ್ ತೆಗೆದರೆ ಈ ಉಪಾಯವೇ ಕುಸಿಯುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರು 2011ರಲ್ಲಿ ಬ್ಯಾರಿಯರ್ ಸೇರಿಸಿದಾಗ ಜೊತೆಗೆ ಒಂದು ರೀಡ್‌ಮಿ ಟಿಪ್ಪಣಿ ಬರೆದಿಟ್ಟರು. ಲಾಕ್ ಮ್ಯಾನೇಜರ್ ಫೋಲ್ಡರ್‌ನಲ್ಲಿ ಈಗಲೂ ಇದೆ. ನಾನು ಹೊಸಬರಿಗೆ ಮೊದಲು ಅದನ್ನೇ ಓದಿಸುವುದು.

ನೀನು ಬರೀ ರೀಡ್ ಬ್ಯಾರಿಯರ್ ಸೇರಿಸಿ ನಿಲ್ಲಿಸಬೇಡ. ಗೂಡು ವಾಪಸ್ ಕೊಡುವಾಗಲೂ ಅದೇ ಕಷ್ಟ ಇದೆ. ತೂಕ ಓದಿ ಮುಗಿಯುವ ಮುಂಚೆಯೇ "ಟೋಕನ್ ಸೊನ್ನೆ" ಹೊರಗೆ ಕಂಡರೆ ಬರೆಯುವ ಥ್ರೆಡ್ ಅದರ ಮೇಲೇ ಹೊಸ ತೂಕ ಬರೆಯುತ್ತದೆ. ಇದು ಓದು ಮತ್ತು ಬರಹದ ನಡುವಿನ ಕ್ರಮ, ಬರೀ ರೀಡ್ ಬ್ಯಾರಿಯರ್‌ಗಾಗಲೀ ಬರೀ ರೈಟ್ ಬ್ಯಾರಿಯರ್‌ಗಾಗಲೀ ನಿಲುಕುವುದಿಲ್ಲ. ಆದ್ದರಿಂದ ಬ್ಯಾರಿಯರ್ ಸಾಲುಗಳನ್ನೆಲ್ಲ ಕಿತ್ತುಹಾಕಿ, ಟೋಕನ್ನನ್ನೇ ಸಿ11ರ (ಸಿ ಭಾಷೆಯ 2011ರ ಆವೃತ್ತಿ) ಅಟಾಮಿಕ್, ಅಂದರೆ ಥ್ರೆಡ್‌ಗಳು ಸುರಕ್ಷಿತವಾಗಿ ಹಂಚಿಕೊಳ್ಳುವ ವೇರಿಯೇಬಲ್ ಮಾಡು. ಟೋಕನ್ ಬರೆಯುವಾಗೆಲ್ಲ ರಿಲೀಸ್ (ಹಿಂದಿನ ಓದು, ಬರಹ ಎಲ್ಲ ಮೊದಲು ಮುಗಿಯಲಿ), ಸೊನ್ನೆ ಬರೆಯುವಾಗಲೂ. ಟೋಕನ್ ಓದುವಾಗೆಲ್ಲ ಅಕ್ವೈರ್ (ಮುಂದಿನ ಓದು, ಬರಹ ಎಲ್ಲ ಆಮೇಲೆ ನಡೆಯಲಿ), ಗೂಡು ಖಾಲಿ ಇದೆಯಾ ಅಂತ ನೋಡುವಾಗಲೂ. ಇನ್ನೊಂದು ಲಾಭ: ಇಂಥ ತಪ್ಪು ಹುಡುಕುವ ಥ್ರೆಡ್ ಸ್ಯಾನಿಟೈಸರ್ ಎಂಬ ಉಪಕರಣಕ್ಕೆ ಬಿಡಿ ಬ್ಯಾರಿಯರ್ ಸಾಲುಗಳು ಅರ್ಥವಾಗುವುದಿಲ್ಲ, ಇದು ಅರ್ಥವಾಗುತ್ತದೆ.

ಆಮೇಲೆ ಗಾಡಿಗಳನ್ನು ಕಾಯಬೇಡ. ತೂಕದ ಯಂತ್ರದ ಕೇಬಲ್ ಬಿಚ್ಚಿ, ಎರಡು ಥ್ರೆಡ್‌ಗಳನ್ನು ಬೇರೆ ಬೇರೆ ಕೋರ್‌ಗೆ ಕಟ್ಟಿ, 10 ಕೋಟಿ ಸುಳ್ಳು ತೂಕ ಓಡಿಸು.

ಕಬ್ಬಿನಗಾಡಿ_ಮಂಡ್ಯ:

ಅಕ್ಕ, ದೊಡ್ಡ ಉಪಕಾರ. ಹಳೇ ಕೋಡ್ 10 ಕೋಟಿ ಸುತ್ತಿನಲ್ಲಿ 41 ಸಲ ತಪ್ಪಿತು. ನೀವು ಹೇಳಿದ ಹಾಗೆ ಬದಲಾಯಿಸಿದ ಮೇಲೆ ಸೊನ್ನೆ. ರಾತ್ರಿಯಿಡೀ ಓಡಿಸಿದೆ, ಸೊನ್ನೆ.

ಆದರೆ ಲೂಪ್ ಸುತ್ತಿ ಸುತ್ತಿ ಪೈ ದೋಸೆ ಹಂಚಾಗುತ್ತಿದೆ, ಫ್ಯಾನ್ ಬೇರೆ ಇಲ್ಲ. ಅದಕ್ಕೆ ಓದುವ ಥ್ರೆಡ್ ಮಲಗುವ ಹಾಗೆ ಮಾಡಿದೆ. "ಮಲಗುತ್ತಿದ್ದೇನೆ" ಅಂತ ಫ್ಲ್ಯಾಗ್ ಏರಿಸಿ, ಕೊನೇ ಸಲ ಟೋಕನ್ ನೋಡಿ, ಸೊನ್ನೆ ಇದ್ದರೆ ಮಲಗುತ್ತದೆ. ಬರೆಯುವ ಥ್ರೆಡ್ ಟೋಕನ್ ಬರೆದು, ಫ್ಲ್ಯಾಗ್ ನೋಡಿ ಎಬ್ಬಿಸುತ್ತದೆ. ಎಲ್ಲಾ ಕಡೆ ರಿಲೀಸ್, ಅಕ್ವೈರ್ ಹಾಕಿದ್ದೇನೆ. ತಮಾಷೆ ಏನಂದರೆ ಪೈನಲ್ಲಿ ಸರಾಗವಾಗಿ ಓಡುತ್ತದೆ, ನನ್ನ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಕೆಲವು ಲಕ್ಷ ಸುತ್ತಿನ ನಂತರ ಹಾಗೇ ನಿಂತುಬಿಡುತ್ತದೆ! ಇಂಟೆಲ್ ಕಟ್ಟುನಿಟ್ಟು ಅಂದಿರಲ್ಲ?

ಸರಸ್ವತಿಪುರಂ_ಅಕ್ಕ:

ಒಂದು ವಿಷಯ ಬಿಟ್ಟು ಕಟ್ಟುನಿಟ್ಟು. ಆ ಒಂದಕ್ಕೇ ಸಿಕ್ಕಿಬಿದ್ದಿದ್ದೀಯ.

ಬರೆದದ್ದು ಮೊದಲು ಆ ಕೋರ್‌ನ ಸ್ಟೋರ್ ಬಫರ್‌ನಲ್ಲಿ ಕೂರುತ್ತದೆ. ಅದು ಹೊರಗೆ ಬರುವ ಮುಂಚೆಯೇ ಮುಂದಿನ ಸಾಲಿನ ಓದು ನಡೆದುಹೋಗಬಹುದು, ಇಂಟೆಲ್‌ನಲ್ಲೂ. ಇವನು ಫ್ಲ್ಯಾಗ್ ಏರಿಸಿದ್ದು ಇವನ ಬಫರ್‌ನಲ್ಲೇ ಇದೆ, ಟೋಕನ್ ನೋಡಿದ, ಸೊನ್ನೆ. ಅವನು ಟೋಕನ್ ಬರೆದದ್ದು ಅವನ ಬಫರ್‌ನಲ್ಲೇ ಇದೆ, ಫ್ಲ್ಯಾಗ್ ನೋಡಿದ, ಇಳಿದಿದೆ. ಇವನು ಮಲಗಿದ, ಅವನು ಎಬ್ಬಿಸಲಿಲ್ಲ.

ರಿಲೀಸ್, ಅಕ್ವೈರ್ ಇದನ್ನು ತಡೆಯುವುದಿಲ್ಲ. ಪೈ ಬಚಾವಾದದ್ದು ಅದೃಷ್ಟದಿಂದ. ಆ ಕೋರ್‌ನಲ್ಲಿ ಇವೆರಡಕ್ಕೆ ಬಳಸುವ ಸೂಚನೆಗಳು ಭಾಷೆ ಕೇಳಿದ್ದಕ್ಕಿಂತ ಜಾಸ್ತಿ ಬಿಗಿ, ರಿಲೀಸ್ ಬರಹವನ್ನು ದಾಟಿ ಅಕ್ವೈರ್ ಓದು ಮುಂದೆ ಹೋಗುವುದಿಲ್ಲ. ಅದನ್ನು ನಂಬಿ ಕೂರಬೇಡ, ನಾಳೆ ಬೋರ್ಡ್ ಬದಲಾದರೆ ಮತ್ತೆ ಪಾಂಡವಪುರದವರು ಬರುತ್ತಾರೆ. ಆ ನಾಲ್ಕು ಜಾಗದಲ್ಲೂ, ಅಂದರೆ ಎರಡು ಬರಹ, ಎರಡು ಓದು, ಸೀಕ್ವೆನ್ಷಿಯಲ್ ಕನ್ಸಿಸ್ಟೆನ್ಸಿ (ಎಲ್ಲರಿಗೂ ಒಂದೇ ಕ್ರಮ ಕಾಣುವ ಖಾತರಿ) ಹಾಕು.

ನಂಜನಗೂಡು_ರಸಬಾಳೆ:

ನಡುವೆ ಬಾಯಿ ಹಾಕಿದೆ, ಬೇಜಾರು ಮಾಡ್ಕೋಬೇಡಿ. ದಿನಕ್ಕೆ ಎಷ್ಟು ಗಾಡಿ ತೂಗ್ತೀರಿ?

ಕಬ್ಬಿನಗಾಡಿ_ಮಂಡ್ಯ:

ಜಾಸ್ತಿ ಅಂದರೆ 200, ಸಾರ್.

ನಂಜನಗೂಡು_ರಸಬಾಳೆ:

200 ಗಾಡಿಗೆ ಲಾಕ್ ಬೇಡ ಅಂದಿದ್ದು ಯಾರಪ್ಪಾ? ಒಂದು ಮ್ಯೂಟೆಕ್ಸ್ (ಅದೇ ಲಾಕ್), ಒಂದು ಕಂಡಿಷನ್ ವೇರಿಯೇಬಲ್ (ಮಲಗಿದ ಥ್ರೆಡ್ ಎಬ್ಬಿಸುವ ಗಂಟೆ). ಬೇಕಾದ ಬ್ಯಾರಿಯರ್‌ಗಳೆಲ್ಲ ಅದರೊಳಗೇ ಇವೆ. ಮಲಗುವುದು, ಎಬ್ಬಿಸುವುದೂ ಅದರ ತಲೆನೋವೇ. ಲಾಕ್ ಹಿಡಿದು ಬಿಡುವುದಕ್ಕೆ ಆಗುವ ಖರ್ಚು ನಿಮ್ಮ ಪ್ರಿಂಟರ್ ಒಂದು ಚುಕ್ಕೆ ಹೊಡೆಯುವುದರೊಳಗೆ ಮುಗಿದಿರುತ್ತದೆ.

ಸರಸ್ವತಿಪುರಂ_ಅಕ್ಕ:

ಇವರು ಹೇಳಿದ್ದು ಸರಿ. ನಾನು ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಅದು. ಗಂಟು ಬಿಡಿಸುವ ಖುಷಿಯಲ್ಲಿ ಮರೆತೆ.

ಕಬ್ಬಿನಗಾಡಿ_ಮಂಡ್ಯ:

ಮ್ಯೂಟೆಕ್ಸ್ ಹಾಕಿದೆ. 90 ಸಾಲು ಇದ್ದದ್ದು 35 ಆಯಿತು, ಪೈ ತಣ್ಣಗಿದೆ. ರಿಂಗ್ ಬಫರ್ ಕೋಡ್ ಮನೆಯ ಲ್ಯಾಪ್‌ಟಾಪ್‌ನಲ್ಲಿ ಆಟಕ್ಕೆ ಇಟ್ಟುಕೊಂಡಿದ್ದೇನೆ.

ಈ ಸೀಸನ್ ಲಾಗ್ ಪೂರ್ತಿ ಜಾಲಾಡಿದೆ. ತೂಕ 64 ಗಾಡಿ ಹಿಂದಿನದಕ್ಕೆ ಕೆಜಿ ಸಮೇತ ಹೊಂದುವ ಚೀಟಿಗಳು ಏಳು ಸಿಕ್ಕವು. ಕ್ಯಾಬಿನ್ ಪುಸ್ತಕದ ಜೊತೆ ತಾಳೆ ನೋಡಿದರೆ ಒಂದು ನಿಜವಾಗಿಯೂ ಕಾಕತಾಳೀಯ, ಆರು ತಪ್ಪು. ಅದರಲ್ಲಿ ಇಬ್ಬರಿಗೆ ಜಾಸ್ತಿ ತೂಕ ಬಿದ್ದಿತ್ತು, ಅವರ್ಯಾರೂ ಬಂದು ಕೇಳಿರಲಿಲ್ಲ ಅನ್ನಿ. ನಾಳೆ ಬೆಳಿಗ್ಗೆ ಆರೂ ಹೊಸ ಚೀಟಿ ಹಿಡಿದು ಹೊರಡುತ್ತಿದ್ದೇನೆ, ಮೊದಲು ಪಾಂಡವಪುರ.