ಪಾದಯಾತ್ರಿ ಟೆಂಟಿಗೆ ಬರ್ತೀನಂದ ಮಗಳಿಗೆ

ತಂಗಿ, ನಿನ್ನ ಮೆಸೇಜ್ ಈಗ ಕೇಳಿದ್ನಿ. ಯುಗಾದಿ ಮುಂದ ಶ್ರೀಶೈಲಕ್ಕ ನಡಕೊಂಡ ಹೋಗೋರಿಗೆ ಇಳಕಲ್ ರೋಡಿಗೆ ಹಾಕೋ ದವಾಖಾನಿ ಟೆಂಟಿನ್ಯಾಗ ಸೇವಾ ಮಾಡಾಕ ಬರ್ಲೇನ ಚಿಗವ್ವ, ಬಿಸಿಲು ತಡಿತೈತೇನು ಅಂತ ಕೇಳಿದಿ. ನಿಮ್ಮ ಕಾಕಾರು ಗ್ರೂಪಿನ್ಯಾಗ "ಅಲ್ಲೇನೈತಿ, ಕಾಲಿಗೆ ಮುಲಾಮು ಹಚ್ಚೂದು" ಅಂದಾರ. ಅಷ್ಟ ಅಲ್ರಿ ಅದು. ತಂಗಿ, ನೀ ಖಂಡಿತ ಬಾ.

ಕಾಲಿನ ಕೆಲಸ ಭಾಳ ಇರ್ತೈತಿ, ಖರೆ. ಕಾದ ಡಾಂಬರ್ ಮ್ಯಾಲ ಬರಿಗಾಲಿಲೆ, ಹೆಗಲಿಗೆ ದೇವರ ಕಂಬಿ ಹೊತ್ತ ಬಂದಿರ್ತಾರ, ಅಂಗಾಲ ತುಂಬ ಬೊಬ್ಬಿ. ಸಣ್ಣವು ಮುಟ್ಟಬ್ಯಾಡ. ದೊಡ್ಡದು ಬಿಗದು ಹೆಜ್ಜಿ ಇಡಾಕ ಆಗದಂಗಿದ್ರ ಸ್ಟೆರೈಲ್ ಸೂಜಿಲೆ ಅಂಚಿಗೆ ಚುಚ್ಚಿ ನೀರ ತಗಿ, ಮ್ಯಾಲಿನ ಚರ್ಮ ಕೀಳಬ್ಯಾಡ. ಬೆವರಿಗೆ ಟೇಪ್ ಹತ್ತೂದಿಲ್ಲ, ಬ್ಯಾಂಡೇಜ್ ಸುತ್ತಬೇಕು. ಶುಗರ್ ಇದ್ದವರು "ಏನೂ ನೋವಿಲ್ಲವಾ" ಅಂತಾರ. ಅವರ ಕಾಲ ಮೊದಲ ನೋಡು, ನರ ಸತ್ತು ಸುಟ್ಟಿದ್ದೂ ಗೊತ್ತಾಗಿರೂದಿಲ್ಲ. ಮುಂದ ಶ್ರೀಶೈಲದ ಹಾದ್ಯಾಗ ನಾಗಲೂಟಿ ದಾಟಿ ಅಡವ್ಯಾಗ ಭೀಮನಕೊಳ್ಳದ ಏರು ಹತ್ತೂದೈತಿ, ಅಂಥವರನ್ನ ಕೈ ಮುಗದಾದ್ರೂ ನಿಲ್ಲಸು.

ಮಧ್ಯಾಹ್ನ ಟೆಂಟಿನ ಒಳಗ ಕಾವು ಹೆಂಗಿರ್ತೈತಂದ್ರ, ಟೇಬಲ್ ಮ್ಯಾಲಿಟ್ಟ ಪಾದರಸದ ಥರ್ಮಾಮೀಟರ್ ಯಾರ ಬಾಯಾಗೂ ಇಡದನ ಜ್ವರ ತೋರಸ್ತೈತಿ. ತಣ್ಣನ ನೀರಾಗ ಅದ್ದಿ, ಜಾಡಿಸಿ, ಆಮ್ಯಾಲ ಇಡಬೇಕು. ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗ ಇರಬೇಕು, ಅದರ ಡಬ್ಬಿ ಬ್ಯಾರೆ; ಬರ್ಫದ ಮ್ಯಾಲ ನೇರ ಇಡಬ್ಯಾಡ.

ನಿನ್ನ ಕಣ್ಣು ಇರಬೇಕಾದ್ದು ಒದರ್ಯಾಡೋರ ಮ್ಯಾಲ ಅಲ್ಲ, ಸುಮ್ಮನ ಮೂಲ್ಯಾಗ ಕುಂತವರ ಮ್ಯಾಲ. ಒಬ್ಬಾಕಿ ಅಜ್ಜಿ ಬಂದು ಕುಂತಿದ್ಲು. ಯಾವೂರಬೇ ಅಂದ್ರ, "ಎಮ್ಮಿಗೆ ನೀರ ಕುಡಿಸಿಲ್ಲ" ಅಂತ ಹಗ್ಗ ಹುಡಕಾಕತ್ಲು. ಮೈ ಮುಟ್ಟಿದ್ರ ಸುಡತಿತ್ತು. ಮಾತು ತಪ್ಪಿ, ಮೈ 40 ಡಿಗ್ರಿ ಸೆಲ್ಸಿಯಸ್ ದಾಟ್ತಂದ್ರ ಅದು ಹೀಟ್ ಸ್ಟ್ರೋಕ್, ಬೆವರು ಬರಾಕತ್ತೈತಿ ಅಂತ ಬಿಡಬ್ಯಾಡ. ಪ್ಯಾರಾಸಿಟಮಾಲ್ ಅಲ್ಲಿ ಕೆಲಸ ಮಾಡೂದಿಲ್ಲ. ಎಚ್ಚರ ತಪ್ಪಿದವರ ಬಾಯಿಗೆ ನೀರ ಹಾಕಬ್ಯಾಡ. ಹೆಣ್ಮಕ್ಕಳು ಸುತ್ತ ಸೀರಿ ಅಡ್ಡ ಹಿಡದ್ರು, ನಾವು ಕೊಡ ಕೊಡ ನೀರ ಮೈಮ್ಯಾಲ ಸುರದ್ವಿ, ರಟ್ಟಿಲೆ ಗಾಳಿ ಬೀಸಿದ್ವಿ, ಕುತ್ತಿಗಿಗೆ ಕಂಕಳಕ್ಕ ಬರ್ಫ ಇಟ್ವಿ. ಒಬ್ಬರು 108ಕ್ಕ ಫೋನ್ ಹಚ್ಚಿದ್ರು. ಗಾಡಿ ಬರೂತನಕ ತಂಪ ಮಾಡೂದು ನಿಲ್ಲಿಸಬಾರದು, ಅದ ಜೀವ ಉಳಸ್ತೈತಿ. ಗಾಡಿ ಬಂದಾಗ ಅಜ್ಜಿ "ನನ್ನ ಚೀಲ ಎಲ್ಲೈತಿ" ಅಂತ ಕೇಳಿದ್ಲು. ನನಗ ಅಳು ತಡೀಲಿಲ್ಲ.

ಓಆರ್‌ಎಸ್ ದೊಡ್ಡ ಪಾಕೀಟು ಪೂರ್ತಿ ಒಂದು ಲೀಟರಿಗೆ ಹಾಕು. ಲೋಟಕ್ಕ ಒಂಚೂರು ಉದುರಿಸಿ ಕೊಡೋರು ಇರ್ತಾರ, ಅವರನ್ನ ತಡಿ. "ಸಲಾಯಿನ್ ಏರಸ್ರಿ, ಶಕ್ತಿ ಬರ್ತೈತಿ" ಅಂತ ದುಂಬಾಲು ಬೀಳ್ತಾರ. ಡಾಕ್ಟರ್ ಹೇಳದನ ಏರಸಬ್ಯಾಡ, ಕುಡಿಯಾಕ ಬರೋರಿಗೆ ಕುಡಿಸೂದ ಚಲೋ.

ನೀನೂ ಬಾಯಿ ಒಣಗೂಕಿಂತ ಮೊದಲ ನೀರ ಕುಡೀತಿರು. ಹೋದ ಸಲ ಒಬ್ಬ ಹುಡುಗಿ ಪಾಯಖಾನಿ ದೂರ ಅಂತ ನೀರ ಬಿಟ್ಟು ಸಂಜಿಕ ಬಿದ್ಲು. ಈ ಸಲ ಹೆಣ್ಮಕ್ಕಳಿಗೆ ಹತ್ರನ ಮಾಡಸ್ರಿ ಅಂತ ಹಿರಿಯಾರಿಗೆ ಹೇಳೀನಿ, ಮಾಡಿಸೂತನಕ ಬಿಡೂದಿಲ್ಲ. ಹತ್ತಿ ಅರಬಿ ತಾ, ಕಾಲೇಜಿನ ಚೀಟಿ ತಾ. ಅಕ್ಕಾ, ನೀ ಚಿಂತಿ ಮಾಡಬ್ಯಾಡ, ನಿನ್ನ ಮಗಳು ರಾತ್ರಿ ನನ್ನ ಬಾಜೂಕ ಮಲಗತಾಳ.